ಪಿಕಪ್‌ನ ಏರ್ ಬ್ಯಾಗ್ ತಕರಾರು: ಲಕ್ಷಣ ಹಿಡಿದು ದೋಷ ಹುಡುಕುವ ಬಗೆ

ಟ್ರೇಲರ್ ಸಿಕ್ಕಿಸಿದ ಕೂಡಲೇ ಪಿಕಪ್‌ನ ಹಿಂಭಾಗ ಕುಕ್ಕರಿಸಿ ಕೂರುತ್ತದೆ. ಮೂತಿ ಮೇಲೇಳುತ್ತದೆ. ಹೆಡ್‌ಲೈಟು ರಸ್ತೆ ಬಿಟ್ಟು ಮರದ ತುದಿ ನೋಡುತ್ತದೆ. ಇದಕ್ಕೆಂದೇ ಹಿಂದಿನ ಆಕ್ಸಲ್‌ಗೂ ಚಾಸಿಸ್‌ಗೂ ನಡುವೆ ಎರಡು ರಬ್ಬರ್ ಚೀಲ ಕೂರಿಸಿ ಗಾಳಿ ತುಂಬುತ್ತಾರೆ. ಏರ್ ಬ್ಯಾಗ್ ಅಂತ ಇಲ್ಲಿ ಹೇಳುತ್ತಿರುವುದು ಅದನ್ನೇ. ಅಪಘಾತವಾದಾಗ ಸ್ಟೀರಿಂಗಿನಿಂದ ಚಿಮ್ಮುವ ಬ್ಯಾಗಿಗೂ ಇದಕ್ಕೂ ಹೆಸರಷ್ಟೇ ಒಂದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಬರುವ ಅರ್ಧ ತೊಂದರೆಗಳ ಬೇರು ಇಲ್ಲೇ ಇದೆ. ಏರ್ ಬ್ಯಾಗ್ ಗಾಡಿಯ ಎತ್ತರ ಸರಿಮಾಡುತ್ತದೆ, ಭಾರ ಕಡಿಮೆ ಮಾಡುವುದಿಲ್ಲ. ಡ್ರೈವರ್ ಬಾಗಿಲ ಹತ್ತಿರದ ಪಟ್ಟಿಯಲ್ಲಿ ಬರೆದಿರುವ ತೂಕದ ಮಿತಿ ಬ್ಯಾಗ್ ಹಾಕಿಸಿದ ಮೇಲೂ ಅಷ್ಟೇ ಇರುತ್ತದೆ. ಆಕ್ಸಲ್, ಬ್ರೇಕ್, ಟಯರ್, ಹಿಚ್ (ಟ್ರೇಲರ್ ಸಿಕ್ಕಿಸುವ ಜೋಡಣೆ) ಎಲ್ಲಾ ಹಳೆಯವೇ ಅಲ್ವಾ?

ಬೇಕಾದ ಸಾಮಾನು ಜಾಸ್ತಿ ಇಲ್ಲ. ಅಳತೆ ಟೇಪು, ಒಳ್ಳೆಯ ಗಾಳಿ ಗೇಜು, ಟಾರ್ಚು, ಸ್ಪ್ರೇ ಬಾಟಲಿಯಲ್ಲಿ ಸೋಪಿನ ನೀರು. ಪಾತ್ರೆ ತೊಳೆಯುವ ಸೋಪು ಒಂದು ಪಾಲು, ನೀರು ನಾಲ್ಕು ಪಾಲು ಸಾಕು.

## ಗಾಡಿ ಅಡಿಗೆ ಹೋಗುವ ಮುನ್ನ

ಸಮತಟ್ಟು ನೆಲ, ಹ್ಯಾಂಡ್ ಬ್ರೇಕ್, ಚಕ್ರಕ್ಕೆ ಅಡ್ಡ. ಬರೀ ಜಾಕ್ ನಂಬಿ ಅಡಿಗೆ ಹೋಗಬೇಡಿ, ಸ್ಟ್ಯಾಂಡ್ ಕೊಡಿ. ಏರ್ ಬ್ಯಾಗ್ ಇರುವ ಗಾಡಿಯಲ್ಲಿ ಇನ್ನೊಂದು ಅಪಾಯ ಇದೆ: ಗಾಳಿ ಬಿಟ್ಟ ಕೂಡಲೇ ಚಾಸಿಸ್ ಕೆಳಗಿಳಿಯುತ್ತದೆ. ಆಗ ಆಕ್ಸಲ್ ಮತ್ತು ಚಾಸಿಸ್ ನಡುವೆ ಕೈ ಇದ್ದರೆ ಬೆರಳು ಹೋಯಿತು ಅಂತಲೇ ಲೆಕ್ಕ. ಪೈಪು ಬಿಚ್ಚುವ ಮುಂಚೆ ವಾಲ್ವ್‌ನಿಂದ ಗಾಳಿ ಪೂರ್ತಿ ಬಿಡಿ, ಗಾಡಿ ಕೂರಲಿ, ಆಮೇಲೆ ಕೈ ಹಾಕಿ. ಜಾಕ್ ಹಾಕಿ ಎತ್ತುವುದಕ್ಕೆ ಮುಂಚೆಯೂ ಹಾಗೇ, ಇಲ್ಲದಿದ್ದರೆ ಜೋತುಬಿದ್ದ ಆಕ್ಸಲ್ ಬ್ಯಾಗನ್ನು ಜಗ್ಗುತ್ತದೆ. ಗಾಡಿಯಿಂದ ಬಿಚ್ಚಿ ಕೈಯಲ್ಲಿ ಹಿಡಿದ ಬ್ಯಾಗಿಗೆ ಪರೀಕ್ಷೆ ಮಾಡೋಣ ಅಂತ ಎಂದೂ ಗಾಳಿ ತುಂಬಬೇಡಿ. ಮೇಲೆ ಕೆಳಗೆ ತಡೆಯಿಲ್ಲದೆ ಉಬ್ಬಿದ ಬ್ಯಾಗ್ ಸಿಡಿಯಬಹುದು.

ನಿಮ್ಮ ಬ್ಯಾಗಿನ ಕನಿಷ್ಠ, ಗರಿಷ್ಠ ಒತ್ತಡ ಎಷ್ಟು ಅಂತ ಕಿಟ್‌ನ ಪುಸ್ತಕದಲ್ಲಿ ನೋಡಿಕೊಳ್ಳಿ. ಲೀಫ್ ಸ್ಪ್ರಿಂಗ್ (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಎಲೆಗಳು) ಇರುವ ಗಾಡಿಗೆ ಹಾಕುವ ದಪ್ಪ ಬ್ಯಾಗುಗಳಿಗೆ ಸಾಮಾನ್ಯವಾಗಿ 5ರಿಂದ 100 ಪಿಎಸ್‌ಐ. ಕಾಯಿಲ್ ಸ್ಪ್ರಿಂಗಿನ ಹೊಟ್ಟೆಯೊಳಗೆ ತೂರಿಸುವ ಉದ್ದನೆಯ ಚೀಲಗಳಲ್ಲಿ ಮೇಲಿನ ಮಿತಿ 35 ಮಾತ್ರ ಇರುವವೂ ಉಂಟು. ಎರಡನ್ನೂ ಒಂದೇ ಅಂತ ತಿಳಿದು ತುಂಬಿದರೆ ಈ ಬರಹ ಓದುವ ಅಗತ್ಯವೇ ಬೀಳುವುದಿಲ್ಲ, ಹೊಸ ಬ್ಯಾಗೇ ಬೇಕಾಗುತ್ತದೆ.

## ರಾತ್ರಿ ಸರಿಯಿತ್ತು, ಬೆಳಗ್ಗೆ ಕುಸಿದಿದೆ

ಎಲ್ಲರೂ ಮೊದಲು ಹೇಳುವ ದೂರು ಇದೇ. ನಾನೂ ಹೇಳಿದ್ದೆ. ಒಂದು ವಾರ ದಿನಾ ಬೆಳಗ್ಗೆ ಗೇಜು ಇಟ್ಟು ನೋಡುತ್ತಿದ್ದೆ, ದಿನಾ ಮೂರು ಪಿಎಸ್‌ಐ ಕಡಿಮೆ. ಸೋಪಿನ ನೀರು ಹೊಡೆದರೆ ಎಲ್ಲೂ ಗುಳ್ಳೆ ಇಲ್ಲ. ಕೊನೆಗೆ ಸಿಕ್ಕಿದ ಕಳ್ಳ ನನ್ನ ಕೈಯಲ್ಲಿದ್ದ ಗೇಜೇ. ಟಯರ್‌ಗೆ ಹೋಲಿಸಿದರೆ ಬ್ಯಾಗಿನಲ್ಲಿ ಹಿಡಿಯುವ ಗಾಳಿ ತೀರಾ ಕಡಿಮೆ. ಗೇಜು ಒತ್ತುವಾಗ ಬರುವ ಆ ಒಂದು "ಪುಸ್" ಟಯರ್‌ಗೆ ಲೆಕ್ಕಕ್ಕಿಲ್ಲ, ಬ್ಯಾಗಿಗೆ ಮಾತ್ರ ಎರಡು ಮೂರು ಪಿಎಸ್‌ಐ ಹೊರಟುಹೋಗುತ್ತದೆ.

ಹಾಗಾಗಿ ಲೀಕ್ ಇದೆಯೋ ಇಲ್ಲವೋ ಅಂತ ಟೇಪಿನಿಂದ ಅಳೆಯಿರಿ. ಹಿಂದಿನ ಚಕ್ರದ ನಡುಮಧ್ಯದಿಂದ ಮೇಲಿನ ಫೆಂಡರ್ ಅಂಚಿನವರೆಗೆ ಎಷ್ಟಿದೆ ನೋಡಿ ಬರೆದಿಡಿ. ನೆಲದಿಂದ ಅಳೆದರೆ ಟಯರ್ ಗಾಳಿಯ ಏರುಪೇರು ಲೆಕ್ಕ ಕೆಡಿಸುತ್ತದೆ. ಗಾಡಿಯನ್ನು ಅಲ್ಲಾಡಿಸದೆ 24 ಗಂಟೆ ಬಿಟ್ಟು ಮತ್ತೆ ಅಳೆಯಿರಿ. ಅಳತೆ ಹಾಗೇ ಇದ್ದರೆ ಗೇಜು ಏನೇ ಹೇಳಲಿ, ನೆಮ್ಮದಿಯಾಗಿರಿ. ಹೊಸದಾಗಿ ಹಾಕಿಸಿದ ಬ್ಯಾಗಿನಲ್ಲಿ ಮೊದಲ ದಿನ 2ರಿಂದ 4 ಪಿಎಸ್‌ಐ ಇಳಿಯುವುದೂ ಮಾಮೂಲು.

ಚಳಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಮಧ್ಯಾಹ್ನದ ಬಿಸಿಲಿನಲ್ಲಿ 50 ಪಿಎಸ್‌ಐ ತುಂಬಿದ್ದೀರಿ, ಬೆಳಗಿನ ಜಾವ 20 ಡಿಗ್ರಿ ಸೆಲ್ಸಿಯಸ್ ತಂಪಾಗಿದೆ ಅಂದರೆ ಸುಮಾರು 4 ಪಿಎಸ್‌ಐ ಕಡಿಮೆ ತೋರಿಸಬಹುದು. ಗಾಳಿ ಎಲ್ಲೂ ಹೋಗಿರುವುದಿಲ್ಲ, ಕುಗ್ಗಿರುತ್ತದೆ ಅಷ್ಟೇ.

ನಿಜವಾಗಿ ಇಳಿದಿದ್ದರೆ ವಾಲ್ವ್‌ನಿಂದ ಶುರುಮಾಡಿ, ಕಾಸು ಖರ್ಚಿಲ್ಲದ ಜಾಗ ಅದು. ವಾಲ್ವ್ ಬಾಯಿಗೆ ಒಂದು ಹನಿ ಸೋಪಿನ ನೀರು ಬಿಡಿ. ಗುಳ್ಳೆ ಎದ್ದರೆ ಒಳಗಿನ ವಾಲ್ವ್ ಪಿನ್ ಸಡಿಲವಾಗಿದೆ ಅಥವಾ ಧೂಳು ಸಿಕ್ಕಿಕೊಂಡಿದೆ. ಪಿನ್ ಬಿಗಿ ಮಾಡಿ, ನಿಲ್ಲದಿದ್ದರೆ ಬದಲಿಸಿ. ಟಯರ್‌ಗೆ ಹಾಕುವ ಅದೇ ಪಿನ್ ಸಾಮಾನ್ಯವಾಗಿ ಕೂರುತ್ತದೆ. ಟೋಪಿ ಹಾಕುವುದನ್ನು ಮರೆಯಬೇಡಿ. ಕೆಸರು ರಸ್ತೆಯಲ್ಲಿ ಓಡಾಡುವ ಗಾಡಿಗೆ ಆ ಪುಟ್ಟ ಟೋಪಿಯ ಬೆಲೆ ಆಮೇಲೆ ಗೊತ್ತಾಗುತ್ತದೆ.

ಆಮೇಲೆ ಪೈಪು ಸಿಕ್ಕಿಸುವ ಫಿಟಿಂಗುಗಳು. ನನ್ನ ಅನುಭವದಲ್ಲಿ ಹತ್ತರಲ್ಲಿ ಎಂಟು ಲೀಕ್ ಇಲ್ಲೇ. ಬ್ಯಾಗಿಗೆ ಒಂದು 30 ಪಿಎಸ್‌ಐ ತುಂಬಿ, ಫಿಟಿಂಗಿನ ಸುತ್ತ ಸೋಪಿನ ನೀರು ಹೊಡೆದು ಎರಡು ನಿಮಿಷ ಕಾಯಿರಿ. ದೊಡ್ಡ ಲೀಕ್ ಆದರೆ ಬುಳುಬುಳು ಅನ್ನುತ್ತದೆ. ಸಣ್ಣದಾದರೆ ಸಣ್ಣ ನೊರೆ ನಿಧಾನವಾಗಿ ಅಣಬೆಯ ಹಾಗೆ ಎದ್ದು ನಿಲ್ಲುತ್ತದೆ. ಅವಸರ ಮಾಡಿದರೆ ಇದು ಕಣ್ಣಿಗೆ ಬೀಳುವುದೇ ಇಲ್ಲ.

ಗುಳ್ಳೆ ಪೈಪಿನ ಪಕ್ಕದಿಂದ ಬಂದರೆ ಪೈಪು ಕತ್ತರಿಸಿದ ರೀತಿಯೇ ತಪ್ಪು. ಗಾಳಿ ಬಿಟ್ಟು, ಫಿಟಿಂಗಿನ ಕಾಲರನ್ನು ಒಳಕ್ಕೆ ಒತ್ತಿ ಹಿಡಿದು ಪೈಪು ಎಳೆಯಿರಿ. ತುದಿಯನ್ನು ಟಾರ್ಚಿನಲ್ಲಿ ನೋಡಿ. ಕಟಿಂಗ್ ಪ್ಲೇಯರ್‌ನಿಂದ ಕತ್ತರಿಸಿದ್ದರೆ ತುದಿ ಗುಂಡಗಿರುವುದಿಲ್ಲ, ಹಿಂಡಿದ ಹಾಗೆ ಮೊಟ್ಟೆಯಾಕಾರವಾಗಿರುತ್ತದೆ. ಓರೆಯಾಗಿ ಕತ್ತರಿಸಿದ್ದರೆ ಒಂದು ಪಕ್ಕ ಒಳಗಿನ ರಿಂಗ್‌ಗೆ ಮುಟ್ಟಿರುವುದೇ ಇಲ್ಲ. ಪೈಪಿನ ಮೈಮೇಲೆ ಉದ್ದುದ್ದ ಗೀರುಗಳಿದ್ದರೂ ಗಾಳಿ ಅದೇ ದಾರಿಯಲ್ಲಿ ಜಾರಿಕೊಳ್ಳುತ್ತದೆ. ಹರಿತವಾದ ಬ್ಲೇಡಿನಿಂದ ಒಂದೇ ಏಟಿಗೆ ನೇರವಾಗಿ ಕತ್ತರಿಸಿ, ತುದಿಯಿಂದ 14 ಮಿಲಿಮೀಟರ್‌ಗೆ ಪೆನ್ನಿನಲ್ಲಿ ಗುರುತು ಮಾಡಿ, ಆ ಗುರುತು ಮುಚ್ಚುವವರೆಗೆ ಒತ್ತಿ. ಕಾಲು ಇಂಚಿನ ಪೈಪಿಗೆ ಈ ಅಳತೆ. ಪೈಪು ಸ್ವಲ್ಪ ಗಿಡ್ಡವಾಗಿ ಫಿಟಿಂಗಿನಲ್ಲಿ ಅಡ್ಡಕ್ಕೆ ಎಳೆದಂತಿದ್ದರೆ ಎಷ್ಟು ಸಲ ಕತ್ತರಿಸಿದರೂ ಲೀಕ್ ನಿಲ್ಲುವುದಿಲ್ಲ, ಉದ್ದನೆಯ ಪೈಪು ಹಾಕಿ. ಗುಳ್ಳೆ ಫಿಟಿಂಗ್ ಬ್ಯಾಗಿಗೆ ಕೂರುವ ತಿರುಪಿನಿಂದ ಬಂದರೆ ಕಾಲು ಸುತ್ತು ಬಿಗಿ ಮಾಡಿ ನೋಡಿ. ಬಲ ಹಾಕಿ ತಿರುಗಿಸಿದರೆ ತಿರುಪೇ ಕಿತ್ತು ಬರುತ್ತದೆ.

ಫಿಟಿಂಗ್ ಎಲ್ಲಾ ಸರಿ, ಆದರೂ ಇಳಿಯುತ್ತಿದೆ. ಈಗ ಪೈಪೋ ಬ್ಯಾಗೋ ತೀರ್ಮಾನ ಆಗಬೇಕು. ಒಂದಡಿ ಹೊಸ ಪೈಪು, ಒಂದು ಹೊಸ ವಾಲ್ವ್ ತಂದು ಅನುಮಾನ ಇರುವ ಬ್ಯಾಗಿಗೆ ನೇರ ಸಿಕ್ಕಿಸಿ, ಗಾಳಿ ತುಂಬಿ, ರಾತ್ರಿ ಬಿಡಿ. ಗಾಳಿ ನಿಂತರೆ ಹಳೆಯ ಪೈಪಿನಲ್ಲಿ ತೂತಿದೆ. ಸೈಲೆನ್ಸರ್ ಹತ್ತಿರ ಸುಟ್ಟಿರುತ್ತದೆ, ಇಲ್ಲವೇ ಚಾಸಿಸ್ ಅಂಚಿಗೆ ಉಜ್ಜಿ ಸವೆದಿರುತ್ತದೆ. ಗಾಳಿ ನಿಲ್ಲದಿದ್ದರೆ ಬ್ಯಾಗೇ ಹೋಗಿದೆ. ಬ್ಯಾಗಿಗೆ ಪಂಕ್ಚರ್ ಹಾಕಿಸಬೇಡಿ. ಆ ರಬ್ಬರ್ ಪ್ರತಿ ಗುಂಡಿಗೂ ಮಡಚಿ ಬಿಚ್ಚುತ್ತಿರುತ್ತದೆ, ತೇಪೆ ನಿಲ್ಲುವುದಿಲ್ಲ.

ಹೊಸ ಬ್ಯಾಗ್ ಹಾಕುವ ಮುಂಚೆ ಹಳೆಯದು ಯಾಕೆ ಹೋಯಿತು ಅಂತ ನೋಡಿ. ಮಡಿಕೆಯ ಜಾಗದಲ್ಲೇ ತೂತಿದ್ದರೆ ಗಾಳಿ ಇಲ್ಲದೆ ಓಡಿಸಿದ್ದೀರಿ, ರಬ್ಬರ್ ಎರಡು ತಟ್ಟೆಗಳ ನಡುವೆ ಸಿಕ್ಕಿ ಜಜ್ಜಿಹೋಗಿದೆ. ಖಾಲಿ ಗಾಡಿಯಲ್ಲೂ ಕನಿಷ್ಠ ಗಾಳಿ ಇಡಬೇಕು ಅನ್ನುವುದು ಇದಕ್ಕೇ. ಒಂದು ಪಕ್ಕ ನುಣ್ಣಗೆ ಸವೆದಿದ್ದರೆ ಉಜ್ಜಾಟ. ತುಂಬಿದ ಬ್ಯಾಗಿನ ಸುತ್ತ ಅರ್ಧ ಇಂಚಾದರೂ ಜಾಗ ಬೇಕು. ಒಂದು ಪಕ್ಕ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಸೈಲೆನ್ಸರ್ ಬಿಸಿ. ಸೈಲೆನ್ಸರ್ ಪೈಪಿಗೂ ಬ್ಯಾಗಿಗೂ ನಡುವೆ 6 ಇಂಚು ಇಲ್ಲದಿದ್ದರೆ ಬಿಸಿ ತಡೆಯುವ ತಗಡು ಹಾಕಿಸಲೇಬೇಕು.

## ಒಂದು ಪಕ್ಕ ಮಾತ್ರ ತಗ್ಗಾಗಿದೆ

ಎರಡೂ ಬ್ಯಾಗಿನ ಗಾಳಿ ಕನಿಷ್ಠಕ್ಕೆ ಇಳಿಸಿ, ಟ್ರೇಲರ್ ಬಿಚ್ಚಿ, ಡಬ್ಬಿ (ಪಿಕಪ್ ಹಿಂದೆ ಸಾಮಾನು ಹೇರುವ ಜಾಗ) ಖಾಲಿ ಮಾಡಿ ಅಳೆಯಿರಿ. ಆಗಲೂ ಒಂದು ಪಕ್ಕ ತಗ್ಗಿದ್ದರೆ ಬ್ಯಾಗಿನ ತಪ್ಪಿಲ್ಲ. ಅರ್ಧ ಇಂಚಿನಷ್ಟು ವ್ಯತ್ಯಾಸ ಅನೇಕ ಗಾಡಿಗಳಲ್ಲಿ ಮೊದಲಿನಿಂದಲೇ ಇರುತ್ತದೆ, ಬ್ಯಾಗ್ ಹಾಕಿಸಿದ ಮೇಲೆ ನಾವು ಟೇಪು ಹಿಡಿದು ನೋಡಲು ಶುರುಮಾಡುತ್ತೇವೆ. ಅದಕ್ಕಿಂತ ಜಾಸ್ತಿ ಇದ್ದರೆ ಲೀಫ್ ಸ್ಪ್ರಿಂಗಿನ ಎಲೆಗಳನ್ನು ಒಂದೊಂದಾಗಿ ಟಾರ್ಚ್ ಹಾಕಿ ನೋಡಿ. ಮುರಿದ ಎಲೆ ಸಿಕ್ಕರೆ ಎಳೆಯುವ ಕೆಲಸ ಅಲ್ಲಿಗೇ ನಿಲ್ಲಿಸಿ. ಮುರಿದ ಎಲೆಯ ಕೆಲಸವನ್ನು ಬ್ಯಾಗಿಗೆ ಗಾಳಿ ತುಂಬಿ ಮಾಡಿಸುವುದು ಮುರಿದ ಕಾಲಿಗೆ ಎತ್ತರದ ಚಪ್ಪಲಿ ಹಾಕಿದ ಹಾಗೆ.

ಖಾಲಿಯಿದ್ದಾಗ ಸಮ, ಭಾರ ಹೇರಿದಾಗ ವಾಲುತ್ತದೆ ಅಂದರೆ ಸಾಮಾನು ಹೇರಿದ ರೀತಿ ನೋಡಿ. ಎರಡೂ ಬ್ಯಾಗಿಗೆ ಬೇರೆ ಬೇರೆ ವಾಲ್ವ್ ಇದ್ದರೆ ಐದು ಹತ್ತು ಪಿಎಸ್‌ಐ ಹೆಚ್ಚು ಕಡಿಮೆ ಮಾಡಿ ಸರಿದೂಗಿಸಬಹುದು. ಅದಕ್ಕೂ ಜಾಸ್ತಿ ಬೇಕಾಯಿತೆಂದರೆ ಸಾಮಾನನ್ನೇ ಸರಿಸಿ.

## ತಿರುವಿನಲ್ಲಿ ಗಾಡಿ ಮೊದಲಿಗಿಂತ ಜಾಸ್ತಿ ವಾಲುತ್ತದೆ

ಎರಡೂ ಬ್ಯಾಗಿಗೆ ಒಂದೇ ವಾಲ್ವ್, ನಡುವೆ ಟಿ ಆಕಾರದ ಜೋಡಣೆ ಇದೆಯೇ ನೋಡಿ. ಇದ್ದರೆ ಕಾರಣ ಸಿಕ್ಕಿತು. ತಿರುವಿನಲ್ಲಿ ಹೊರಪಕ್ಕದ ಬ್ಯಾಗ್ ಒತ್ತಿದಾಗ ಗಾಳಿ ಒಳಪಕ್ಕದ ಬ್ಯಾಗಿಗೆ ಹರಿದುಹೋಗುತ್ತದೆ, ಗಟ್ಟಿಯಾಗಿ ನಿಲ್ಲಬೇಕಾದ ಪಕ್ಕವೇ ಮೆತ್ತಗಾಗುತ್ತದೆ. ಟಿ ತೆಗೆದು ಎರಡಕ್ಕೂ ಬೇರೆ ಪೈಪು, ಬೇರೆ ವಾಲ್ವ್ ಹಾಕಿ. ಅರ್ಧ ದಿನದ ಕೆಲಸ.

## ಗಾಡಿ ಕುದುರೆ ಹಾಗೆ ನೆಗೆಯುತ್ತದೆ

ಟ್ರೇಲರ್ ಇಲ್ಲದೆ ಓಡಿಸುವಾಗ ನೆಗೆಯುತ್ತಿದ್ದರೆ ಉತ್ತರ ಸುಲಭ: ನಿನ್ನೆ ಎಳೆಯುವಾಗ ತುಂಬಿದ ಗಾಳಿ ಇವತ್ತೂ ಹಾಗೇ ಇದೆ. ಕನಿಷ್ಠಕ್ಕೆ ಇಳಿಸಿ.

ಟ್ರೇಲರ್ ಇದ್ದಾಗಲೂ ನೆಗೆತ ಇದ್ದರೆ ಅದರ ಬಗೆ ಗಮನಿಸಿ. ಪ್ರತಿ ಸಣ್ಣ ಗುಂಡಿಗೂ ಬೆನ್ನಿಗೆ ಗುದ್ದಿದ ಹಾಗಾದರೆ ಗಾಳಿ ಜಾಸ್ತಿ. ಐದೈದು ಪಿಎಸ್‌ಐ ಇಳಿಸುತ್ತಾ ಓಡಿಸಿ ನೋಡಿ. ಟ್ರೇಲರ್ ಇಲ್ಲದಾಗ ಹಿಂಭಾಗ ಎಷ್ಟು ಎತ್ತರವಿತ್ತೋ ಅದಕ್ಕಿಂತ ಒಂದಿಷ್ಟು ತಗ್ಗಿರಲಿ, ತೊಂದರೆ ಇಲ್ಲ. ಪೂರ್ತಿ ಎತ್ತಲು ಹೋದರೆ ಟ್ರೇಲರ್‌ನಿಂದ ಹೆಚ್ಚಾದ ಭಾರವೆಲ್ಲಾ ಬ್ಯಾಗಿನ ಮೇಲೆ ಬೀಳುತ್ತದೆ. ಸ್ಪ್ರಿಂಗ್ ತನ್ನ ಭಾರವನ್ನು ಎರಡು ತುದಿಗಳಲ್ಲಿ ಹಂಚಿ ಚಾಸಿಸ್‌ಗೆ ಕೊಡುತ್ತದೆ, ಬ್ಯಾಗ್ ಒಂದೇ ಜಾಗಕ್ಕೆ ಕೊಡುತ್ತದೆ.

ಇನ್ನೊಂದು ಬಗೆಯ ನೆಗೆತದಲ್ಲಿ ಗುಂಡಿ ದಾಟಿ ಆದಮೇಲೂ ಗಾಡಿ ಮೂರ್ನಾಲ್ಕು ಸಲ ತೂಗುತ್ತದೆ. ಇದು ಶಾಕ್ ಅಬ್ಸಾರ್ಬರ್ ಸವೆದ ಗುರುತು. ಗಾಳಿ ಚೀಲ ಸ್ಪ್ರಿಂಗಿನ ಕೆಲಸ ಮಾಡುತ್ತದೆ, ತೂಗಾಟ ನಿಲ್ಲಿಸುವ ಕೆಲಸ ಅದಕ್ಕೆ ಬರುವುದಿಲ್ಲ. ಶಾಕ್ ಮೈಮೇಲೆ ಎಣ್ಣೆ ಸೋರಿದ ಜಿಡ್ಡಿದ್ದರೆ ಬದಲಿಸಲೇಬೇಕು. ಜಿಡ್ಡಿಲ್ಲ ಅಂದಮಾತ್ರಕ್ಕೆ ಸರಿಯಿದೆ ಅಂತಲ್ಲ.

## ಹಿಂಭಾಗ ಮಟ್ಟವಾಗಿದೆ, ಆದರೂ ಸ್ಟೀರಿಂಗ್ ಹಗುರ, ಟ್ರೇಲರ್ ಬಾಲ ಬೀಸುತ್ತದೆ

ಇದನ್ನು ದಯವಿಟ್ಟು ನಿಧಾನವಾಗಿ ಓದಿ. ನೋಡಲು ಗಾಡಿ ಚೆಂದ ನಿಂತಿರುತ್ತದೆ, ಅದೇ ಮೋಸ.

ಒಂದು ಲೆಕ್ಕ ಹಾಕೋಣ. ಟ್ರೇಲರ್ ತೂಕ 2000 ಕಿಲೋ. ಹಿಚ್ ಚೆಂಡಿನ ಮೇಲೆ ಬೀಳುವ ಭಾರ ಅದರ ನೂರಕ್ಕೆ 12, ಅಂದರೆ 240 ಕಿಲೋ. ಗಾಡಿಯ ಮುಂದಿನ ಹಿಂದಿನ ಆಕ್ಸಲ್ ನಡುವೆ 3.2 ಮೀಟರ್. ಚೆಂಡು ಹಿಂದಿನ ಆಕ್ಸಲ್‌ನಿಂದ 1.2 ಮೀಟರ್ ಹಿಂದೆ ಇದೆ. ಹಿಂದಿನ ಆಕ್ಸಲ್ಲನ್ನು ಆನಿಕೆಯಾಗಿಟ್ಟು ಏತದ ಹಾಗೆ ಯೋಚಿಸಿ: ಹಿಂದೆ ಒತ್ತಿದರೆ ಮುಂದೆ ಏಳುತ್ತದೆ. 240ನ್ನು 1.2ರಿಂದ ಗುಣಿಸಿ 3.2ರಿಂದ ಭಾಗಿಸಿದರೆ 90. ಮುಂದಿನ ಚಕ್ರಗಳಿಂದ 90 ಕಿಲೋ ಹೋಯಿತು. ಹಿಂದಿನ ಆಕ್ಸಲ್ ಮೇಲೆ 240 ಬೀಳುವ ಜಾಗದಲ್ಲಿ 330 ಬಿತ್ತು. ಈಗ ಬ್ಯಾಗಿಗೆ ಗಾಳಿ ತುಂಬಿ ಹಿಂಭಾಗ ಎತ್ತಿ. ಚೆಂಡು ಅದೇ ಜಾಗದಲ್ಲಿದೆ, ಆಕ್ಸಲ್ ಅದೇ ಜಾಗದಲ್ಲಿದೆ. ಆ 90 ಕಿಲೋ ಮುಂದಕ್ಕೆ ವಾಪಸ್ ಬರುವುದಿಲ್ಲ. ಸ್ಟೀರಿಂಗ್ ತಿರುಗಿಸುವ, ಬ್ರೇಕಿನ ದೊಡ್ಡ ಪಾಲು ಹೊರುವ ಚಕ್ರಗಳು ಹಗುರವಾಗಿಯೇ ಉಳಿದವು.

ಮುಂದಕ್ಕೆ ಭಾರ ವಾಪಸ್ ಕಳಿಸುವುದು ಭಾರ ಹಂಚುವ ಹಿಚ್. ಉದ್ದನೆಯ ಎರಡು ಸ್ಪ್ರಿಂಗ್ ಸರಳುಗಳಿರುವ ಸಾಧನ ಅದು. ಬ್ಯಾಗ್ ಅದಕ್ಕೆ ಬದಲಿ ಅಲ್ಲ. ಎರಡೂ ಇದ್ದರೆ ಮುಂದಿನ ಫೆಂಡರ್ ಎತ್ತರ ನೋಡಿಕೊಂಡು ಹೊಂದಿಸಬೇಕು. ಯಾವುದನ್ನು ಮೊದಲು ಬಿಗಿ ಮಾಡಬೇಕು ಅನ್ನುವುದಕ್ಕೆ ನಿಮ್ಮ ಹಿಚ್‌ನ ಪುಸ್ತಕವನ್ನೇ ನಂಬಿ. ಮುಂದಿನ ಚಕ್ರಗಳನ್ನು ಮಾತ್ರ ವೇಬ್ರಿಡ್ಜ್ ಮೇಲೆ ನಿಲ್ಲಿಸಿ, ಟ್ರೇಲರ್ ಇಲ್ಲದೆ ಒಂದು ಸಲ, ಸಿಕ್ಕಿಸಿ ಒಂದು ಸಲ ತೂಗಿಸಿದರೆ ಎಷ್ಟು ಕಳೆದುಕೊಂಡಿದ್ದೀರಿ ಅಂತ ಕಣ್ಣಾರೆ ಕಾಣುತ್ತದೆ. ಹಿಂದಿನ ಆಕ್ಸಲ್ಲನ್ನೂ ತೂಗಿಸಿ ಬಾಗಿಲಿನ ಪಟ್ಟಿಯ ಅಂಕಿಗೆ ಹೋಲಿಸಿ. ಮೀರಿದ್ದರೆ ಸಾಮಾನು ಇಳಿಸಿ, ಬೇರೆ ರಿಪೇರಿ ಇಲ್ಲ.

ಬಾಲ ಬೀಸುವುದಕ್ಕೆ ಮೊದಲ ಅನುಮಾನ ಟ್ರೇಲರ್ ಒಳಗಿನ ಸಾಮಾನಿನ ಮೇಲೆ. ಭಾರವೆಲ್ಲಾ ಹಿಂದೆ ಹೇರಿದ್ದರೆ ಚೆಂಡಿನ ಮೇಲಿನ ಭಾರ ನೂರಕ್ಕೆ 10ಕ್ಕಿಂತ ಕೆಳಗಿಳಿಯುತ್ತದೆ, ಬಾಲ ಅಲ್ಲಾಡುತ್ತದೆ. ಮಾಮೂಲಿ ಚೆಂಡಿನ ಹಿಚ್‌ಗೆ 10ರಿಂದ 15ರ ನಡುವೆ ಇರಬೇಕು. ಆಮೇಲೆ ಟಯರ್ ಗಾಳಿ, ಗಾಡಿಯದೂ ಟ್ರೇಲರ್‌ನದೂ. ಬ್ಯಾಗಿಗೆ ಗಾಳಿ ಜಾಸ್ತಿಯಾಗಿ ಹಿಚ್ ಎತ್ತರಕ್ಕೆ ಹೋಗಿ, ಟ್ರೇಲರ್ ಮೂತಿ ಎತ್ತಿ ಹಿಂದಕ್ಕೆ ವಾಲಿದೆಯೇ ಅಂತಲೂ ದೂರದಲ್ಲಿ ನಿಂತು ನೋಡಿ.

ಓಡುವಾಗಲೇ ಬೀಸಲು ಶುರುವಾದರೆ ಬ್ರೇಕ್ ಮೇಲೆ ಎಗರಬೇಡಿ, ಸ್ಟೀರಿಂಗ್ ಆ ಕಡೆ ಈ ಕಡೆ ತಿರುಗಿಸಿ ಹಿಡಿಯಲು ಹೋಗಬೇಡಿ. ಸ್ಟೀರಿಂಗ್ ನೇರ ಹಿಡಿದು ಆಕ್ಸಿಲರೇಟರ್ ಬಿಡಿ. ಟ್ರೇಲರ್ ಬ್ರೇಕಿಗೆ ಬೇರೆ ಲಿವರ್ ಇದ್ದರೆ ಅದನ್ನಷ್ಟೇ ಮೆಲ್ಲಗೆ ಒತ್ತಿ. ನಿಂತ ಮೇಲೆ ಕಾರಣ ಸಿಗುವವರೆಗೆ ಅದೇ ಜೋಡಣೆಯಲ್ಲಿ ಮುಂದೆ ಹೋಗಬೇಡಿ.

## ಬ್ಯಾಗ್ ಹಾಕಿಸಿದ ಮೇಲೆ ಬ್ರೇಕ್ ಏನೋ ಬೇರೆ ಅನ್ನಿಸುತ್ತದೆ

ಇದು ಬಹಳ ಜನರಿಗೆ ಹೊಳೆಯುವುದಿಲ್ಲ. ಕೆಲವು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ನಿಂದ ಚಾಸಿಸ್ ಕಡೆಗೆ ಒಂದು ಸಪೂರ ಕಡ್ಡಿ ಹೋಗಿರುತ್ತದೆ, ಅದರ ತುದಿಯಲ್ಲಿ ಬ್ರೇಕ್ ವಾಲ್ವ್ ಇರುತ್ತದೆ. ಭಾರ ಬಿದ್ದು ಗಾಡಿ ತಗ್ಗಿದರೆ ಹಿಂದಿನ ಬ್ರೇಕಿಗೆ ಜಾಸ್ತಿ ಒತ್ತಡ ಕೊಡುತ್ತದೆ, ಗಾಡಿ ಎತ್ತರವಿದ್ದರೆ ಖಾಲಿ ಅಂತ ತಿಳಿದು ಕಡಿಮೆ ಕೊಡುತ್ತದೆ. ಈಗ ಬ್ಯಾಗ್ ಏನು ಮಾಡಿತು? ಪೂರ್ತಿ ಭಾರವಿದ್ದರೂ ಗಾಡಿ ಎತ್ತಿ ಹಿಡಿಯಿತು. ವಾಲ್ವ್ ಮೋಸಹೋಯಿತು. ಅಡಿಗೆ ಟಾರ್ಚ್ ಹಾಕಿ ಆ ಕಡ್ಡಿ ಇದೆಯೇ ನೋಡಿ. ಇದ್ದರೆ ನೀವೇ ಕಡ್ಡಿ ಬಗ್ಗಿಸಲು ಹೋಗಬೇಡಿ. ಬ್ರೇಕ್ ಒತ್ತಡ ಅಳೆಯಬಲ್ಲ ವರ್ಕ್‌ಶಾಪ್‌ನಲ್ಲಿ ಹೊಂದಿಸಬೇಕಾದ ಕೆಲಸ ಅದು, ಅಲ್ಲಿಯವರೆಗೆ ಟ್ರೇಲರ್ ಎಳೆಯಬೇಡಿ.

## ಶಬ್ದ

ಗುಂಡಿಯಲ್ಲಿ "ಧಡ್" ಅಂದರೆ ಬ್ಯಾಗ್ ಗಾಳಿ ಸಾಲದೆ ತಳಕ್ಕೆ ಬಡಿಯುತ್ತಿದೆ, ಅಥವಾ ಬ್ಯಾಗನ್ನು ಹಿಡಿದಿರುವ ಬ್ರಾಕೆಟ್ ಸಡಿಲ. ಮೊದಲ 800 ಕಿಲೋಮೀಟರ್ ಓಡಿದ ಮೇಲೆ ಎಲ್ಲಾ ಬೋಲ್ಟ್ ಮತ್ತೆ ಬಿಗಿ ಮಾಡಬೇಕು. ಬ್ರಾಕೆಟ್ ಜರುಗಿದ್ದರೆ ಹಳೆಯ ಜಾಗದಲ್ಲಿ ಹೊಳೆಯುವ ಗೀರು ಕಾಣುತ್ತದೆ. "ಕಿರ್‌ಕಿರ್" ಅಂದರೆ ರಬ್ಬರ್ ಎಲ್ಲೋ ಉಜ್ಜುತ್ತಿದೆ. ಬ್ರಾಕೆಟ್ ಕೂತ ಜಾಗದ ಸುತ್ತ ಚಾಸಿಸ್ ಬಣ್ಣ ಕೂದಲೆಳೆಯ ಹಾಗೆ ಬಿರಿದು, ಅದರಲ್ಲಿ ತುಕ್ಕಿನ ಗೆರೆ ಕಂಡರೆ ಮಾತ್ರ ಮುಂದೆ ಏನೂ ನೋಡಬೇಡಿ. ಅದು ಚಾಸಿಸ್ ಬಿರುಕಿರಬಹುದು. ಬ್ಯಾಗಿನ ಗಾಳಿ ಕನಿಷ್ಠಕ್ಕೆ ಇಳಿಸಿ, ಖಾಲಿ ಗಾಡಿಯನ್ನು ಚಾಸಿಸ್ ಕೆಲಸ ಬಲ್ಲವರ ಹತ್ತಿರ ಒಯ್ಯಿರಿ.

## ಗಾಡಿಯಲ್ಲೇ ಇರುವ ಕಂಪ್ರೆಸರ್ ಸುಮ್ಮನಿದೆ, ಅಥವಾ ಸುಮ್ಮನಾಗುವುದೇ ಇಲ್ಲ

ಸುಮ್ಮನಿದ್ದರೆ ಮೊದಲು ಫ್ಯೂಸ್, ಆಮೇಲೆ ಅರ್ತ್ ವೈರಿನ ಬೋಲ್ಟು, ಆಮೇಲೆ ರಿಲೇ (ಕಂಪ್ರೆಸರ್‌ಗೆ ಕರೆಂಟು ಬಿಡುವ ಸ್ವಿಚ್ಚು). ಅರ್ತ್ ಕೆಳಗೆ ಬಣ್ಣ ಕೆರೆಯದೆ ಬಿಗಿ ಮಾಡಿರುವುದು ತುಂಬಾ ಸಾಮಾನ್ಯ. ಫ್ಯೂಸ್ ಮತ್ತೆ ಮತ್ತೆ ಸುಟ್ಟರೆ ದೊಡ್ಡ ಫ್ಯೂಸ್ ಹಾಕಬೇಡಿ, ವೈರಿಗೆ ಬೆಂಕಿ ಹಿಡಿಯುತ್ತದೆ.

ಪದೇ ಪದೇ ಓಡುತ್ತಿದ್ದರೆ ಕಂಪ್ರೆಸರ್ ದೂರಬೇಡಿ, ಎಲ್ಲೋ ಲೀಕ್ ಇದೆ. ಮೇಲಿನ ಸೋಪಿನ ನೀರಿನ ಕೆಲಸಕ್ಕೆ ಹೋಗಿ. ಬೇಗ ಮಾಡಿ, ಬಿಡುವಿಲ್ಲದೆ ಓಡಿದರೆ ಮೋಟರ್ ಸುಡುತ್ತದೆ. ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಮಾತ್ರ ಕೆಟ್ಟು, ಬಿಸಿಲು ಬಂದಮೇಲೆ ಸರಿಹೋಗುತ್ತದೆ ಅಂದರೆ ಪೈಪಿನೊಳಗೆ ನೀರಿನ ಅಂಶ ಸೇರಿ ಮಂಜಾಗಿದೆ. ಗಾಳಿ ಪೂರ್ತಿ ಬಿಟ್ಟು ಒಣಗಿದ ಗಾಳಿ ತುಂಬಿ.

## ದಾರಿಯಲ್ಲೇ ಒಂದು ಬ್ಯಾಗ್ ಸಿಡಿಯಿತು

ಗಾಡಿ ಒಮ್ಮೆಗೇ ಒಂದು ಪಕ್ಕ ವಾಲುತ್ತದೆ, ಆದರೆ ಬೀಳುವುದಿಲ್ಲ. ಲೀಫ್ ಸ್ಪ್ರಿಂಗ್ ಇನ್ನೂ ಅಲ್ಲೇ ಇದೆ. ನಿಧಾನ ಮಾಡಿ ಪಕ್ಕಕ್ಕೆ ನಿಲ್ಲಿಸಿ, ಅಪಾಯದ ದೀಪ ಹಾಕಿ. ಟ್ರೇಲರ್‌ಗೆ ಅಡ್ಡ ಕೊಟ್ಟು ಬಿಚ್ಚಿ, ಡಬ್ಬಿಯಲ್ಲಿ ಭಾರವಿದ್ದರೆ ಇಳಿಸಿ. ಸರಿಯಿರುವ ಬ್ಯಾಗಿನ ಗಾಳಿಯನ್ನೂ ಕನಿಷ್ಠಕ್ಕೆ ಇಳಿಸಿದರೆ ಗಾಡಿ ಸಮವಾಗಿ ಕೂರುತ್ತದೆ. ಹರಿದ ರಬ್ಬರ್ ಚೂರು ಟಯರ್‌ಗೋ ಬ್ರೇಕ್ ಪೈಪಿಗೋ ತಗುಲುತ್ತಿದೆಯೇ ನೋಡಿ. ತಗುಲದಿದ್ದರೆ ಖಾಲಿ ಗಾಡಿಯಲ್ಲಿ ನಿಧಾನವಾಗಿ ವರ್ಕ್‌ಶಾಪ್ ತಲುಪಬಹುದು. ತಗುಲುತ್ತಿದ್ದರೆ ಗಾಡಿಯನ್ನು ಎತ್ತಿಕೊಂಡು ಹೋಗುವವರನ್ನು ಕರೆಸಿ.